ಐನೂರಾಳಿನ ಕೊಪ್ಪರಿಗೆ

ಸಣ್ಣ ದಾವೆ ಕಚೇರಿಯ ಗುಮಾಸ್ತ ಮೆಹಬೂಬ್ ಸಾಬರು ನನ್ನ ಅರ್ಜಿಯನ್ನು ಎರಡು ಸಲ ಓದಿ ಕನ್ನಡಕವನ್ನು ಹಣೆಗೇರಿಸಿಕೊಂಡರು. "ಇಲ್ಲಿ ವಕೀಲರು ಇರೋಲ್ಲ ಸುಭದ್ರಮ್ಮ, ನೀವೇ ಮಾತಾಡ್ಬೇಕು. ಎಲ್ಲದಕ್ಕೂ ಮೂರು ಪ್ರತಿ ಮಾಡಿಸಿ. ಸಾಕ್ಷಿ ಇದ್ರೆ ಕರ್ಕೊಂಡ್ಬನ್ನಿ, ಫೋಟೋ ಇದ್ರೆ ಇನ್ನೂ ಒಳ್ಳೇದು. ವಸ್ತುನ ಯಾರು ಇಟ್ಕೊಂಡಿದಾರೋ ಅವರೇ ತರ್ತಾರೆ. ಆಮೇಲೆ ತೀರ್ಪು ಕೊಡೋ ಮೇಡಂ ಎತ್ತಿಸಿ ನೋಡ್ತಾರೆ. ಹದಿನೈದು ದಿನ ಇದೆ, ತಯಾರಾಗಿ."

ಎತ್ತಿಸಿ ನೋಡುವುದೆಂದರೆ ಏನೆಂದು ನಮ್ಮೂರಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನೊಬ್ಬರ ವಸ್ತುವನ್ನು ಒಪ್ಪಿದ ದಿನ ದಾಟಿಸಿ ಇಟ್ಟುಕೊಂಡರೆ ಅದು ಇಟ್ಟುಕೊಂಡವರ ಕೈಗೆ ಭಾರವಾಗುತ್ತ ಹೋಗುತ್ತದೆ. ಅವರ ಕೈಗೆ, ಅವರ ಮನೆಯವರ ಕೈಗೆ, ಅವರ ಕೂಲಿ ಉಣ್ಣುವವರ ಕೈಗೆ. ತಕ್ಕಡಿಯಲ್ಲಿಟ್ಟರೆ ಮೊದಲಿನಷ್ಟೇ ತೂಗುತ್ತದೆ, ಹೊರಗಿನವರು ಎತ್ತಿದರೂ ಮೊದಲಿನಷ್ಟೇ. ಪಕ್ಕದ ಮನೆಯ ಕೊಡೆ ತಂದವರು ವಾರ ತುಂಬುವಷ್ಟರಲ್ಲಿ ಭುಜ ಉಜ್ಜಿಕೊಳ್ಳುತ್ತ ವಾಪಸು ಕೊಟ್ಟು ಬರುತ್ತಾರೆ. ನಮ್ಮ ವಾಚನಾಲಯದಲ್ಲಿ ದಂಡ ಅನ್ನುವುದೇ ಇಲ್ಲ. ಮಗು ಶಾಲೆಯ ಚೀಲ ಭಾರ ಎಂದು ಅತ್ತರೆ ತಾಯಿ ಪುಸ್ತಕ ಎಣಿಸುವುದಿಲ್ಲ, ಯಾರ ಪೆನ್ಸಿಲ್ ತಂದೆ ಎಂದು ಕೇಳುತ್ತಾಳೆ.

ನನ್ನಂಥ ಪಾತ್ರೆ ಬಾಡಿಗೆಯವರಿಗೆ ಇದು ದೊಡ್ಡ ಅನುಕೂಲ. ಬೇರೆ ಊರುಗಳಲ್ಲಿ ಮುಂಗಡ ಹಿಡಿದುಕೊಳ್ಳುತ್ತಾರಂತೆ, ಚೀಟಿ ಬರೆದು ರುಜು ಹಾಕಿಸಿಕೊಳ್ಳುತ್ತಾರಂತೆ. ನಾವು ಚೀಟಿ ಬರೆದವರಲ್ಲ. ಮದುವೆ ಮುಗಿದು ಒಂದೆರಡು ದಿನ ಹೆಚ್ಚಾದರೆ ಹುಡುಗಿಯ ತಂದೆಯೇ ಏದುಸಿರು ಬಿಡುತ್ತ ಬಂದು "ತಗೊಳ್ಳಮ್ಮಾ ನಿನ್ನ ಹಂಡೆ, ಪುಣ್ಯಾತ್ಗಿತ್ತಿ" ಎಂದು ಬಾಗಿಲಲ್ಲಿ ಇಳಿಸಿ ಹೋಗುತ್ತಾನೆ. ಹೀಗಾಗಿ ಯಾವ ಪಾತ್ರೆ ಯಾರ ಬಳಿ ಇದೆ ಎಂದು ಬರೆದಿಡುವ ಅಭ್ಯಾಸ ನನ್ನ ಗಂಡ ತಿಪ್ಪೇಶನಿಗೂ ಇರಲಿಲ್ಲ, ನನಗೂ ಬರಲಿಲ್ಲ.

ದಾವೆ ಇದ್ದದ್ದು ನಮ್ಮ ಐನೂರಾಳಿನ ಕೊಪ್ಪರಿಗೆಯ ಮೇಲೆ. ಒಂದೇ ಒಲೆಯಲ್ಲಿ ಐನೂರು ಜನಕ್ಕೆ ಸಾರು ಕಾಯಿಸುವ ತಾಮ್ರದ ಕೊಪ್ಪರಿಗೆ ನಮ್ಮೂರಲ್ಲಿ ಇದ್ದದ್ದು ಅದೊಂದೇ. ಎರಡು ಕಡೆ ಎರಡೆರಡು ಬಳೆ, ನಾಲ್ಕು ಜನ ಹಿಡಿಯಬೇಕು. ತಿಪ್ಪೇಶ ಅದನ್ನು ಮಾಡಿಸಲು ಕಂಚುಗಾರರ ಬೀದಿಯಲ್ಲಿ ಹನ್ನೊಂದು ದಿನ ಕೂತಿದ್ದ. ತೀರಿಕೊಳ್ಳುವ ಕೆಲವು ತಿಂಗಳ ಮುಂಚೆ ಅದನ್ನು ಅಡುಗೆ ಗುತ್ತಿಗೆ ಹಿಡಿಯುವ ಓಬಳೇಶನಿಗೆ ಕೊಟ್ಟಿದ್ದ. ಎಷ್ಟು ದಿನಕ್ಕೆ, ಯಾಕೆ ಎಂದು ನನಗೆ ಹೇಳಿರಲಿಲ್ಲ. ತಿಪ್ಪೇಶ ಹೋಗಿ ನಾಲ್ಕು ವರ್ಷವಾಯಿತು. ಆ ನಾಲ್ಕು ವರ್ಷ ನಾನೂ ಕೇಳಲಿಲ್ಲ. ಭಾರವಾದಾಗ ತಾನೇ ತರುತ್ತಾನೆ ಎಂದು ಕಾದೆ, ನಮ್ಮೂರಿನವರೆಲ್ಲ ಕಾಯುವ ಹಾಗೆ. ಇನ್ನೂರೈವತ್ತು ಆಳಿನ ಎರಡು ಬೋಗುಣಿಗಳಲ್ಲಿ ನಿಭಾಯಿಸಿದೆ.

ಈ ವರ್ಷ ನಿಭಾಯಿಸುವಂತಿರಲಿಲ್ಲ. ಕೆರೆ ಏರಿಯ ಮೇಲೆ ಹೊಸ ಕಲ್ಯಾಣ ಮಂಟಪ ಎದ್ದಿತ್ತು. ಅದರ ಮ್ಯಾನೇಜರ್ ಮರುಳಯ್ಯ ಅಂಗಡಿಗೆ ಬಂದು, ವರ್ಷದ ಅಷ್ಟೂ ಮದುವೆಗೆ ಒಂದೇ ಅಂಗಡಿಯ ಪಾತ್ರೆ ತೆಗೆದುಕೊಳ್ಳುತ್ತೇವೆ, ಆದರೆ ಐನೂರಾಳಿನ ಕೊಪ್ಪರಿಗೆ ಇರಲೇಬೇಕು, ಇಂಥ ಭಾನುವಾರ ಬಂದು ಕಣ್ಣಾರೆ ನೋಡಿ ಒಪ್ಪಂದ ಮಾಡಿಕೊಳ್ಳುತ್ತೇನೆ ಎಂದು ಹೇಳಿ ಹೋದರು. ಆ ಒಪ್ಪಂದ ಸಿಕ್ಕರೆ ಅಂಗಡಿ ಉಳಿಯುತ್ತದೆ. ಸಿಗದಿದ್ದರೆ ಇನ್ನೊಂದು ಹಂಗಾಮು ತಳ್ಳುವುದು ನನ್ನ ಕೈಯಲ್ಲಾಗದು; ಪಾತ್ರೆಗಳನ್ನು ತೂಕಕ್ಕೆ ಹಾಕಿ ಬೇರೆಯವರ ಮನೆಯಲ್ಲಿ ಪಾತ್ರೆ ತಿಕ್ಕಬೇಕು.

ಓಬಳೇಶನ ಮನೆಗೆ ಹೋಗಿ ಕೇಳಿದೆ. ಅವನು ಜಗಲಿಯ ಮೇಲೆ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದ. ತಲೆ ಎತ್ತದೆ ಹೇಳಿದ: "ತಿಪ್ಪೇಶಣ್ಣ ಕೊಟ್ಟಿದ್ದು ಅತ್ತಿಗೆ. ಅವರು ಬಂದು ಕೇಳ್ಲಿ, ಕೊಡ್ತೀನಿ."

ಸತ್ತವನನ್ನು ಕರೆದುಕೊಂಡು ಬಾ ಎನ್ನುವವನ ಹತ್ತಿರ ಇನ್ನೇನು ಮಾತು. ಅಲ್ಲಿಂದ ನೇರವಾಗಿ ಕಚೇರಿಯ ಮೆಟ್ಟಿಲು ಹತ್ತಿ ನಮೂನೆ ತಂದು, ಎರಡು ದಿನ ಕೂತು ಬರೆದು ಅರ್ಜಿ ಹಾಕಿದ್ದೆ.

ತಯಾರಿ ಅಂದರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ನನ್ನ ಮಗಳು ಹೇಮಾಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಅವಳು ತಿಳಿದಿದ್ದಳು. ಹದಿನೇಳು ವರ್ಷ, ಪಿಯುಸಿ ಎರಡನೇ ವರ್ಷ, ಬಾಯಿ ಮಾತ್ರ ಎಂ.ಎ. ದಿನಾ ಬೆಳಗ್ಗೆ ನಾನು ರೊಟ್ಟಿ ತಟ್ಟುವ ಹೊತ್ತಿಗೆ ಅವಳು ಹೆಗಲಿಗೆ ಟವೆಲು ಹಾಕಿಕೊಂಡು ಓಬಳೇಶನಾಗಿ ಎದುರು ನಿಲ್ಲುತ್ತಿದ್ದಳು.

"ಏನತ್ತಿಗೆ, ಕೊಪ್ಪರಿಗೆ ನಿಮ್ದು ಅನ್ನೋಕೆ ಏನು ಗುರುತು?"

"ನನ್ನ ಗಂಡ ಮಾಡಿಸಿದ್ದು. ಕಂಚುಗಾರರ ಬೀದಿ ರುದ್ರಾಚಾರಿ ತಟ್ಟಿದ್ದು. ಅವರೇ ಬಂದು ಸಾಕ್ಷಿ ಹೇಳ್ತಾರೆ."

"ಆಮೇಲೆ ನನಗೆ ದಾನ ಕೊಟ್ರಲ್ಲ."

"ದಾನ ಕೊಡೋ ಮುಖ ನೋಡು ನಿಂದು."

"ಅಮ್ಮಾ, ಹಾಗೆಲ್ಲ ಕಚೇರೀಲಿ ಅನ್ಬಾರ್ದು. ಮೇಡಂ ದಂಡ ಹಾಕ್ತಾರೆ. 'ದಾನ ಕೊಟ್ಟದ್ದಕ್ಕೆ ಸಾಕ್ಷಿ ತೋರಿಸಲಿ' ಅಂತ ಹೇಳು. ಇನ್ನೊಂದ್ಸಲ. ಅಳಬಾರ್ದು ಮತ್ತೆ."

"ಅಳೋಕೆ ಪುರುಸೊತ್ತೆಲ್ಲಿದೆ, ರೊಟ್ಟಿ ಸೀಯುತ್ತೆ."

ಫೋಟೋ ಹುಡುಕುವುದು ಕಷ್ಟದ ಕೆಲಸವಾಯಿತು. ಯಾರೂ ಮದುವೆಗೆ ಬಂದು ಕೊಪ್ಪರಿಗೆಯ ಫೋಟೋ ಹಿಡಿಯುವುದಿಲ್ಲ. ನಮ್ಮಿಂದ ಪಾತ್ರೆ ಒಯ್ದವರ ಮನೆಗಳನ್ನು ನೆನಪು ಮಾಡಿಕೊಂಡು, ಅಂಗಡಿ ಮುಚ್ಚಿದ ಮೇಲೆ ಒಂದೊಂದೇ ಬಾಗಿಲು ತಟ್ಟಿದೆ. ಎಂಟನೆಯ ಮನೆಯಲ್ಲಿ ಸಿಕ್ಕಿತು. ನೇಕಾರರ ಓಣಿಯ ಪಾರ್ವತವ್ವ ತನ್ನ ಮದುವೆಯ ಆಲ್ಬಂ ತೊಡೆಯ ಮೇಲಿಟ್ಟುಕೊಂಡು ಹಾಳೆ ತಿರುವುತ್ತ ಹೋದಳು. ಗಂಡು ಹೆಣ್ಣು ಊಟದ ಮನೆಯ ಬಾಗಿಲಲ್ಲಿ ನಿಂತ ಒಂದು ಚಿತ್ರ. ಇಬ್ಬರ ಮುಖವೂ ಮಂಜುಮಂಜು, ಹಿಂದೆ ಒಲೆಯ ಮೇಲೆ ನಮ್ಮ ಕೊಪ್ಪರಿಗೆ ಮಾತ್ರ ಫಳಫಳ.

"ನೋಡಕ್ಕಾ," ಅಂದಳು ಪಾರ್ವತವ್ವ. "ಆ ಫೋಟೋದವನಿಗೆ ದುಡ್ಡು ಕೊಟ್ಟಿದ್ದು ನಾವು, ಹಿಡಿದಿದ್ದು ನಿನ್ನ ಪಾತ್ರೇನ. ತಗೊಂಡ್ಹೋಗು. ನಮ್ಮನೆಯವ್ರು ಕೇಳಿದ್ರೆ ಚೆನ್ನಾಗಿ ಬಂದಿರೋರ ಮನೆಗೇ ಹೋಯ್ತು ಅಂತೀನಿ."

ಚಿತ್ರದ ಹಿಂದೆ ಆರು ವರ್ಷ ಹಳೆಯ ತಾರೀಕಿತ್ತು. ಅದರಲ್ಲಿ ತಿಪ್ಪೇಶನೂ ಇದ್ದ, ಕೊಪ್ಪರಿಗೆಯ ಬಳೆಗೆ ಒಂದು ಕೈ ಇಟ್ಟು, ಯಾರ ಮದುವೆಯೋ ಎನ್ನುವಂತೆ ಬೇರೆ ಕಡೆ ನೋಡುತ್ತ. ಅಂಚಿನಲ್ಲಿ ಓಬಳೇಶ. ನಾನು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ. ಗೆದ್ದೆ ಎಂದೇ ಅನ್ನಿಸಿತು.

ನನ್ನ ಹತ್ತಿರ ಇನ್ನೊಂದು ಬಲವಾದ ಪುರಾವೆ ಇತ್ತು. ತಿಪ್ಪೇಶ ಹೋದ ಮರುತಿಂಗಳು ನಮ್ಮಣ್ಣ ಬಂದು "ಹೆಂಗಸು ನಡೆಸೋ ಅಂಗಡಿ, ಊರಿನ ಭಾರ ನಂಬ್ಕೊಂಡು ಕೂರ್ಬೇಡ, ಎಲ್ಲದರ ಮೇಲೂ ಹೆಸರು ಕೊರೆಸು" ಎಂದಿದ್ದ. ಹೆಸರು ಕೊರೆಯುವವನನ್ನು ಎರಡು ದಿನ ಕೂರಿಸಿಕೊಂಡು ಅಂಗಡಿಯಲ್ಲಿದ್ದ ನೂರನಲವತ್ತು ಪಾತ್ರೆಗಳ ಮೇಲೂ 'ತಿ.ಸು.' ಎಂದು ಕೊರೆಸಿದ್ದೆ. ತಿ ಅವನು, ಸು ನಾನು. ಕೊರೆದವನು ಬರೆದುಕೊಟ್ಟ ಪಟ್ಟಿಯೂ ಇತ್ತು. ಅದು ಊರಲ್ಲಿ ಹೊಸ ಸಂಗತಿಯಾದ್ದರಿಂದ ನಗಾಡಿದವರೂ ಇದ್ದರು. ಕೊಪ್ಪರಿಗೆ ಆಗ ಅಂಗಡಿಯಲ್ಲಿರಲಿಲ್ಲ, ಅದರ ಮೇಲೆ ಹೆಸರಿಲ್ಲ. ಆದರೂ ನಾನು ನನ್ನ ವಸ್ತುವನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವವಳು ಎಂದು ಪಟ್ಟಿ ಹೇಳುತ್ತದೆ ಎಂದು ಹೇಮಾಳ ವಾದ.

ದಾವೆಗೆ ಐದು ದಿನ ಇತ್ತು. ಹೇಮಾಳಿಗೆ ಕಾಲೇಜು ರಜೆ. ಎತ್ತಿಸುವ ಪರೀಕ್ಷೆಗೂ ಅಭ್ಯಾಸವಾಗಬೇಕೆಂದು ಅವಳು ಹಟ ಹಿಡಿದಳು. "ಮೇಡಂ ಇದ್ದಕ್ಕಿದ್ದ ಹಾಗೆ ನಿನ್ನಂಗಡಿಯ ಯಾವುದಾದ್ರೂ ಪಾತ್ರೆ ತರಿಸಿ ಎತ್ತು ಅಂದ್ರೆ? ನಿನ್ನ ಕೈ ಶುದ್ಧ ಅಂತ ತೋರಿಸ್ಬೇಕಲ್ವಾ?" ಎನ್ನುತ್ತ ಅಟ್ಟಣೆಯಿಂದ ಒಂದೊಂದನ್ನೇ ಇಳಿಸಿ ಎತ್ತಿ ನೋಡತೊಡಗಿದಳು. ಹಂಡೆ, ಕೊಳಗ, ಅನ್ನ ಬಸಿಯುವ ಜಾಲರಿ, ಎಲ್ಲ ಸಲೀಸು. ಬಾಗಿಲ ಪಕ್ಕದ ಕಬ್ಬಿಣದ ಬಾಣಲೆಗೆ ಕೈ ಹಾಕಿದವಳು ಅಲ್ಲೇ ಕೂತುಬಿಟ್ಟಳು.

"ಅಮ್ಮಾ, ಇದು ಏಳ್ತಾನೇ ಇಲ್ಲ."

"ಒಂಬತ್ತು ಕಿಲೋ ಬಾಣಲೆ ಕಣೇ. ನಾನು ದಿನಾ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಇಡ್ತೀನಿ. ಅನ್ನ ತಿನ್ನು ಅಂದ್ರೆ ಬಿಸ್ಕತ್ತು ತಿನ್ನೋರಿಗೆ ಹೀಗೇ ಆಗೋದು."

"ಹೋದ ವರ್ಷಾನೂ ಏಳ್ತಿರ್ಲಿಲ್ಲ. ಆವಾಗ್ಲೂ ನೀನು ಬಿಸ್ಕತ್ತು ಅಂದೆ."

ನಾನು ಹೋಗಿ ಎರಡು ಕಿವಿ ಹಿಡಿದು ಎತ್ತಿದೆ. ಎದ್ದಿತು. ಸೊಂಟ ಹಿಡಿಯಿತು, ಆದರೆ ನನ್ನ ಸೊಂಟ ಯಾವುದಕ್ಕೆ ಹಿಡಿಯುವುದಿಲ್ಲ. ನಾಲ್ಕೂವರೆಗೆ ಎದ್ದು ನೀರು ಹೊತ್ತು, ಹಿಂದಿನ ದಿನ ಬಂದ ಪಾತ್ರೆಗಳ ಮಸಿ ತಿಕ್ಕಿ, ಹತ್ತು ಗಂಟೆಯ ಹೊತ್ತಿಗೆ ಕೈ ಎರಡೂ ಮರದ ಕೊರಡು. ಇದು ಹಗುರ, ಇದು ಭಾರ ಎಂದು ಹೇಳುವ ಕೈ ನನ್ನದಾಗಿ ಉಳಿದಿರಲಿಲ್ಲ. ಬಾಣಲೆಯನ್ನು ಕೆಳಗಿಟ್ಟಾಗ ಅದರ ಕಿವಿಯ ಪಕ್ಕ ಬೆರಳಿಗೆ ಏನೋ ತಾಕಿತು. ತಾಮ್ರದ ಒಂದು ಚಿಕ್ಕ ತೇಪೆ, ಮೂರು ಮೊಳೆ. ನಾಲ್ಕು ವರ್ಷ ತಿಕ್ಕಿದ ಪಾತ್ರೆ, ತೇಪೆ ನನಗೆ ಹೊಸದಲ್ಲ. ಆದರೆ ಅದನ್ನು ಬೇರೆಲ್ಲೋ ಈಚೆಗೆ ನೋಡಿದ್ದೆ.

ಹೋಗಿ ಪಾರ್ವತವ್ವನ ಫೋಟೋ ತೆಗೆದೆ. ಅಂಚಿನಲ್ಲಿದ್ದ ಓಬಳೇಶನನ್ನು ನಾನು ಸರಿಯಾಗಿ ನೋಡೇ ಇರಲಿಲ್ಲ. ಅವನ ಹೆಗಲ ಮೇಲೆ ಒಂದು ಬಾಣಲೆ ಇತ್ತು. ಕಿವಿಯ ಪಕ್ಕ ಕೆಂಪು ತೇಪೆ, ಮೂರು ಮೊಳೆ. ನಮ್ಮ ಬಾಣಲೆಯಲ್ಲಿ ತೇಪೆಯ ಕೆಳಗೇ 'ತಿ.ಸು.' ಎಂದು ನಾನು ಕೊರೆಸಿದ ಅಕ್ಷರ, ಚಿತ್ರದಲ್ಲಿ ಆ ಜಾಗ ಬೋಳು.

ಹೇಮಾ ಚಿತ್ರವನ್ನು ಬಾಣಲೆಯ ಪಕ್ಕ ಹಿಡಿದು ಎರಡರ ಮೊಳೆಗಳನ್ನೂ ಎಣಿಸಿದಳು.

ಆಗ ನನಗೆ ಹದಿಮೂರನೆಯ ದಿನದ ನೆನಪು ಬಂತು. ತಿಪ್ಪೇಶನ ತಿಥಿಯೂಟಕ್ಕೆ ಓಬಳೇಶನೇ ಅಡುಗೆ ಮಾಡಿದ್ದ, ಕೂಲಿ ತೆಗೆದುಕೊಳ್ಳದೆ. ಜನ ಎದ್ದ ಮೇಲೆ ಕೈ ಒರೆಸಿಕೊಳ್ಳುತ್ತ ಬಂದು, "ಅತ್ತಿಗೆ, ನನ್ನದೊಂದು ಬಾಣಲೆ ನಿಮ್ಮಂಗಡೀಲಿದೆ, ಆಮೇಲೆ ಯಾವಾಗಾದ್ರೂ…" ಎಂದು ಶುರು ಮಾಡಿದ್ದ. ಆ ಹದಿಮೂರು ದಿನಗಳಲ್ಲಿ ಬಂದ ಪ್ರತಿಯೊಬ್ಬನದ್ದೂ ಏನೋ ಒಂದು ನಮ್ಮಂಗಡಿಯಲ್ಲಿತ್ತು. ಒಬ್ಬನದು ಏಣಿ, ಒಬ್ಬನದು ಸೈಕಲ್ಲು. ನನಗೆ ತಲೆ ಕೆಟ್ಟಿತ್ತು. ಎಲ್ಲರ ಮುಂದೆ ಹೇಳಿದೆ: "ಹೆಣ ಎತ್ತಿ ಹದಿಮೂರು ದಿನ ಆಗಿಲ್ಲ, ಪಾತ್ರೆ ಎತ್ತೋಕೆ ಬಂದ್ಯಾ? ನಿನ್ನ ಬಾಣಲೆ ನನ್ನ ಹತ್ರ ಯಾಕಿರುತ್ತೆ?" ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋಗಿದ್ದ. ಆಮೇಲೆ ನಮ್ಮ ಬಾಗಿಲಿಗೆ ಬರಲಿಲ್ಲ. ಮರುತಿಂಗಳು ನಾನು ಅದರ ಮೇಲೆ ನನ್ನ ಹೆಸರು ಕೊರೆಸಿದೆ.

"ಅಮ್ಮ," ಎಂದಳು ಹೇಮಾ ಕೊನೆಗೆ. "ಭಾರಗೈಯವರ ದಾವೆ ನಡೆಯೋಲ್ಲ. ನಿಯಮದ ಹಾಳೇಲಿ ನಾಲ್ಕನೇದು. ಎದುರಾಳಿಯ ವಸ್ತು ಅರ್ಜಿದಾರರ ಕೈಯಲ್ಲಿ ಭಾರವಾಗಿದ್ರೆ ಅರ್ಜಿ ವಜಾ."

"ಗೊತ್ತು."

"ಆದ್ರೆ ಅದ್ರ ಮೇಲೆ ನಮ್ಮ ಹೆಸರಿದೆ. ಪಟ್ಟೀಲೂ ಇದೆ. ಅವನೂ ಕೇಳೋದು ಬಿಟ್ಟಿದಾನೆ. ಫೋಟೋದಲ್ಲಿ ಆ ಅಂಚು ಕತ್ತರಿಸಿದ್ರೆ…" ಅವಳು ಅಲ್ಲಿಗೆ ನಿಲ್ಲಿಸಿದಳು. ಓಬಳೇಶನಾಗಿ ವಾದಿಸುವಾಗ ಇದ್ದ ಧೈರ್ಯ ಈಗಿನ ಧ್ವನಿಯಲ್ಲಿ ಇರಲಿಲ್ಲ. ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದಳು. ಹೂಂ ಎಂದರೆ ಹೂಂ ಎನ್ನುವುದಕ್ಕೂ ತಯಾರಾಗಿದ್ದಳು. ಅದೇ ನನಗೆ ಹೆದರಿಕೆಯಾದದ್ದು.

"ಕತ್ತರಿ ಎಲ್ಲಿದೆ?" ಎಂದು ಕೇಳಿದೆ.

ಅವಳು ತಂದುಕೊಟ್ಟಳು. ಅದನ್ನು ಮೇಲಿನ ಗೂಡಿನಲ್ಲಿ, ಅವಳ ಕೈಗೆ ಎಟುಕದ ಕಡೆ ಇಟ್ಟೆ. "ಅಭ್ಯಾಸ ಮುಂದುವರಿಸು. ಈಗ ನೀನು ಮೇಡಂ. ಬಾಣಲೆ ವಿಷ್ಯ ನಾನು ಮೊದಲು ಹೇಳ್ಬೇಕೋ, ಕೊಪ್ಪರಿಗೆ ವಿಷ್ಯ ಮೊದಲು ಹೇಳ್ಬೇಕೋ, ಅದನ್ನ ಯೋಚನೆ ಮಾಡು."

"ಹೇಳಿದ್ರೆ ಸೋಲ್ತೀವಿ ಅಮ್ಮ. ದಾವೆ ಆದ ಭಾನುವಾರಾನೇ ಮರುಳಯ್ಯ ಬರ್ತಾರೆ."

"ಸೋಲೋದಾದ್ರೆ ಸೋಲೋದಕ್ಕೂ ತಯಾರಿ ಬೇಕಲ್ಲ. ಕೂತ್ಕೋ."

ಆ ನಾಲ್ಕು ದಿನ ಅಂಗಡಿಯ ಕೆಲಸದ ಜೊತೆಗೆ ಬಾಣಲೆಯ ಕೆಲಸವೂ ಆಯಿತು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಹೆಸರು ಕೊರೆದವನನ್ನೇ ಕರೆಸಿ ಆ ಅಕ್ಷರ ಅರದಿಂದ ಉಜ್ಜಿಸಬೇಕೆಂದು ಹೊರಟೆ, ಹೇಮಾ ತಡೆದಳು. ತಪ್ಪು ಹೇಗಿದೆಯೋ ಹಾಗೇ ಮೇಜಿನ ಮೇಲಿರಲಿ, ಉಜ್ಜಿದರೆ ಮುಚ್ಚಿದ ಹಾಗೆ ಕಾಣುತ್ತದೆ ಎಂದಳು. ಒಪ್ಪಿದೆ. ಒಂದು ಸಂಗತಿ ಮಾತ್ರ ನಾನು ಎಣಿಸಿರಲಿಲ್ಲ. ತಿಳಿಯದೆ ಇಟ್ಟುಕೊಂಡದ್ದರ ಭಾರ ಬೇರೆ, ತಿಳಿದು ಇಟ್ಟುಕೊಂಡದ್ದರ ಭಾರ ಬೇರೆ. ಮೊದಲ ದಿನ ಎತ್ತಿದ ಬಾಣಲೆಯನ್ನು ಮೂರನೆಯ ದಿನ ನಾನು ಎಳೆದು ಸರಿಸಬೇಕಾಯಿತು. ಸತ್ತುಹೋಗಿದೆ ಎಂದುಕೊಂಡಿದ್ದ ನನ್ನ ತೋಳುಗಳಿಗೆ ಜೀವ ಬಂದು, ಒಂದೊಂದು ನರವೂ ಲೆಕ್ಕ ಒಪ್ಪಿಸಿತು.

ಬುಧವಾರ ಬೆಳಗ್ಗೆ ಬಾಣಲೆಯನ್ನು ಗಾಡಿಯಲ್ಲಿ ಹಾಕಿ, ಅಮ್ಮ ಮಗಳು ತಳ್ಳಿಕೊಂಡು ಹೋದೆವು. ಕಚೇರಿಯ ಅಂಗಳದಲ್ಲಿ ಆಗಲೇ ಓಬಳೇಶನ ಗಾಡಿ ನಿಂತಿತ್ತು. ಅವನೂ ಅವನ ಮೂವರು ಆಳುಗಳೂ ಕೊಪ್ಪರಿಗೆಯನ್ನು ಕೆಳಗಿಳಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. ನಾಲ್ಕು ವರ್ಷದ ಮೇಲೆ ಅದನ್ನು ನೋಡಿದೆ. ಕಲಾಯಿ ಹೋಗಿತ್ತು, ಒಂದು ಕಡೆ ನೆಗ್ಗಿತ್ತು. ಹತ್ತಿರ ಹೋಗಲಿಲ್ಲ. ಹೋದರೆ ಕೈ ಇಡುತ್ತಿದ್ದೆ.

ಕಚೇರಿ ಮಹಡಿಯ ಮೇಲೆ. ಇಪ್ಪತ್ತೆರಡು ಮೆಟ್ಟಿಲು. ಹೇಮಾ ಒಂದು ಕಿವಿ ಹಿಡಿಯುತ್ತೇನೆಂದಳು, ಬೇಡವೆಂದೆ, ಅವಳು ಕೊರೆಸಿದ್ದಲ್ಲ. ಬಾಣಲೆಯನ್ನು ಸೊಂಟಕ್ಕೆ ಆನಿಸಿಕೊಂಡು ಹತ್ತಿದೆ. ಏಳನೆಯ ಮೆಟ್ಟಿಲಲ್ಲಿ ನಿಂತೆ, ಹನ್ನೆರಡರಲ್ಲಿ ಕೂತೆ. ಮೇಲಿನ ಬೆಂಚುಗಳಲ್ಲಿ ಸರದಿಗೆ ಕಾಯುತ್ತಿದ್ದವರು ಬಗ್ಗಿ ನೋಡಿದರು. ಒಂಬತ್ತು ಕಿಲೋ ಬಾಣಲೆಗೆ ಪಾತ್ರೆಯಂಗಡಿಯವಳು ಹೀಗೆ ಏದುಸಿರು ಬಿಟ್ಟರೆ ಅರ್ಥ ಏನೆಂದು ಎಲ್ಲರಿಗೂ ಗೊತ್ತು. "ಅಯ್ಯೋ, ಅರ್ಜಿದಾರಳೇ ಭಾರಗೈ ಕಣ್ರೀ" ಎಂದು ಯಾರೋ ಪಿಸುಗುಟ್ಟಿದರು. ಇನ್ನೊಬ್ಬರು "ತಾನೇ ಹೊತ್ಕೊಂಡು ಬರ್ತಿದಾಳಲ್ಲ, ಪಾಪ, ತಲೆ ಸರಿಯಿಲ್ವೇನೋ" ಎಂದರು. ನಾನು ಮೆಟ್ಟಿಲು ಎಣಿಸಿದೆ. ಇಪ್ಪತ್ತೆರಡಕ್ಕೆ ಮುಗಿಯಿತು.

ಮೇಡಂ ಐವತ್ತರ ಹೆಂಗಸು, ಮೂಗಿನ ತುದಿಗೆ ಕನ್ನಡಕ. ನಮ್ಮ ಹೆಸರು ಕೂಗಿದಾಗ ಬಾಣಲೆಯನ್ನು ಅವರ ಮೇಜಿನ ಮೇಲಿಟ್ಟೆ. ಮೇಜು ಕಿರ್ರೆನ್ನಲಿಲ್ಲ, ಮೇಜಿಗೆ ಅದು ಒಂಬತ್ತೇ ಕಿಲೋ.

"ಇದು ಅರ್ಜಿಯಲ್ಲಿಲ್ಲವಲ್ಲ," ಎಂದರು ಮೇಡಂ.

"ಇಲ್ಲ ಮೇಡಂ. ಇದು ಓಬಳೇಶಂದು. ನಾಲ್ಕು ವರ್ಷದಿಂದ ನನ್ನ ಹತ್ರ ಇದೆ. ಬಾಡಿಗೆಗೂ ಕೊಟ್ಟಿದೀನಿ. ಅವನು ಕೇಳೋಕೆ ಬಂದಾಗ ಜನದ ಮುಂದೆ ಬೈದೆ. ಆಮೇಲೆ ನನ್ನ ಹೆಸರೂ ಕೊರೆಸಿದೀನಿ, ನೋಡಿ, ಇಲ್ಲಿ. ಗೊತ್ತಿಲ್ಲದೆ ಮಾಡಿದ್ದು, ಆದ್ರೆ ಮಾಡಿದ್ದು ನಾನೇ. ಮೊದಲು ಇದನ್ನ ಕೊಡ್ತೀನಿ. ಆಮೇಲೆ ನಂದನ್ನ ಕೇಳ್ತೀನಿ."

ಮೇಡಂ ಓಬಳೇಶನಿಗೆ ಎತ್ತಲು ಹೇಳಿದರು. ಅವನು ಬಂದು ಒಂದೇ ಕೈಯಲ್ಲಿ ಎತ್ತಿದ. ಹೆಬ್ಬೆರಳಿನಿಂದ ತೇಪೆಯನ್ನು ಸವರಿದ. "ನಮ್ಮಪ್ಪಂದು," ಎಂದ. "ತೇಪೆ ನಾನೇ ಹಾಕಿದ್ದು. ಆವಾಗ ನನಗೆ ಹದಿನಾಲ್ಕು."

"ಇದು ಅವರ ಅಂಗಡಿಗೆ ಹೇಗೆ ಹೋಯಿತು?"

ಅವನು ತಡವರಿಸಿದ. ಬಾಣಲೆ ಕೈಗೆ ಬಂದಿಲ್ಲದಿದ್ದರೆ ಏನು ಹೇಳುತ್ತಿದ್ದನೋ ತಿಳಿಯದು. ಈಗ ಕೈಯಲ್ಲಿ ಅಪ್ಪನ ಬಾಣಲೆ ಹಿಡಿದುಕೊಂಡು ಬೇರೆ ಮಾತು ಹೇಳುವುದು ಅವನಿಗೂ ಕಷ್ಟವಾಯಿತು. "ಬದಲಾಯಿಸ್ಕೊಂಡಿದ್ವಿ ಮೇಡಂ. ತಿಪ್ಪೇಶಣ್ಣಂಗೆ ಬೋಂಡ ಕರಿಯೋ ಬಾಣಲೆಗೆ ಆರ್ಡರ್ ಇತ್ತು, ನನಗೆ ಒಂದು ದೊಡ್ಡ ಮದುವೆ ಇತ್ತು. ಒಂದು ಹಂಗಾಮಿಗೆ ಅಂತ. ಯುಗಾದಿವರೆಗೆ."

"ಯಾವ ಯುಗಾದಿ?"

"ಅದಾಗಿ ನಾಲ್ಕು ಆಯ್ತು."

"ಕೊಪ್ಪರಿಗೆ ಭಾರವಾಗಲಿಲ್ಲವಾ?"

"ನಾಲ್ಕಾಳು ಹಿಡಿಯೋ ಪಾತ್ರೆ ಮೇಡಂ, ಯಾವಾಗ್ಲೂ ಭಾರಾನೇ. ಏಳ್ತಿಲ್ಲ ಅಂತ ಆಳುಗಳು ಅಂದಾಗ ಸೋಮಾರಿಗಳು ಅಂದ್ಕೊಂಡೆ. ಮೂರು ಸಲ ಆಳು ಬದಲಾಯಿಸ್ದೆ."

ಬೆಂಚುಗಳಲ್ಲಿ ನಗು ಎದ್ದಿತು. ನನಗೆ ಹೇಮಾಳ ಕಡೆ ನೋಡಲಾಗಲಿಲ್ಲ. ಅವಳು ನೋಡುತ್ತಿದ್ದಳು, ಬಿಸ್ಕತ್ತು ಎಂದು ಬರೆದ ಮುಖ ಹೊತ್ತುಕೊಂಡು.

ಮೇಡಂ ನಗಲಿಲ್ಲ. ಒಂದು ಹಾಳೆಯ ಮೇಲೆ ಬಹಳ ಹೊತ್ತು ಬರೆದು ಓದಿದರು. ಅರ್ಜಿ ಹಾಕಿದ ದಿನ ಅರ್ಜಿದಾರರ ಕೈ ಭಾರವಾಗಿತ್ತು, ಆದ್ದರಿಂದ ಅರ್ಜಿ ವಜಾ. ಬಾಣಲೆ ಓಬಳೇಶನಿಗೆ ಸೇರಿತು. ಅದರ ಬಾಡಿಗೆ ಬೇಕಿದ್ದರೆ ಅವನು ಬೇರೆ ದಾವೆ ಹಾಕಬಹುದು. ಕೊಪ್ಪರಿಗೆಗೆ ಸುಭದ್ರಮ್ಮ ಹೊಸ ಅರ್ಜಿ ಹಾಕಬಹುದು; ಮುಂದಿನ ತೆರವು ದಿನ ನಾಲ್ಕು ಬುಧವಾರದ ನಂತರ. ಆ ತನಕ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲೇ ಇರತಕ್ಕದ್ದು.

ನಾಲ್ಕು ಬುಧವಾರ ಎಂದರೆ ನಾಲ್ಕು ಭಾನುವಾರ. ಮರುಳಯ್ಯ ಒಂದು ಭಾನುವಾರವೂ ಕಾಯುವವರಲ್ಲ. ಆದೇಶ ಬರೆದುಕೊಳ್ಳುತ್ತಿದ್ದ ಹೇಮಾಳ ಪೆನ್ನು ನಿಂತಿತು. ಅವಳ ಕಣ್ಣು ತುಂಬಿತು, ನನಗೆ ಅಳಬಾರದೆಂದು ಕಲಿಸಿದವಳದ್ದು.

ನಾನು ಗುಮಾಸ್ತರ ಮೇಜಿಗೆ ಹೋದೆ. "ಸಾಬ್ರೇ, ಅರ್ಜಿ ನಮೂನೆ ಇನ್ನೊಂದು ಕೊಡಿ."

"ಇವತ್ತೇ ಹಾಕ್ತೀರಾ? ಮನೆಗೆ ಹೋಗಿ ಸುಧಾರಿಸ್ಕೊಂಡು…"

"ಇವತ್ತು ನನ್ನ ಕೈ ಹಗುರ ಇದೆ. ಬರೀತೀನಿ, ಕೊಡಿ."

ಬೆಂಚಿನ ತುದಿಯಲ್ಲಿ ಕೂತು ಬರೆದೆ. ಮೊದಲ ಅರ್ಜಿಗೆ ಎರಡು ದಿನ ಹಿಡಿದಿತ್ತು, ಇದಕ್ಕೆ ಕಾಲು ಗಂಟೆ ಸಾಕಾಯಿತು. ಬರೆಯುವುದಕ್ಕೆ ನಿಜವೊಂದೇ ಇತ್ತು: ಇಂಥ ವಸ್ತು, ಇಂಥ ಯುಗಾದಿಯವರೆಗೆ, ಅವನೇ ಕಚೇರಿಯಲ್ಲಿ ಒಪ್ಪಿದ್ದಾನೆ. ಮೆಹಬೂಬ್ ಸಾಬರು ಮೊಹರು ಒತ್ತಿ ಮೇಲೆ ಒಂದನೇ ನಂಬರ್ ಎಂದು ಬರೆದರು. ಓಬಳೇಶ ಬಾಣಲೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ನಮ್ಮನ್ನು ದಾಟಿ ಹೋದ. "ನಾಲ್ಕು ಬುಧವಾರ ಆದ್ಮೇಲೆ ನೋಡೋಣ ಅತ್ತಿಗೆ" ಎಂದ. ಹಂಗಿಸುವ ಧ್ವನಿಯಲ್ಲ, ಆದರೆ ಬಿಟ್ಟುಕೊಡುವ ಧ್ವನಿಯೂ ಅಲ್ಲ. ಜನದ ಮುಂದೆ ಬೈಸಿಕೊಂಡವನು ಜನದ ಮುಂದೆ ಸ್ವಲ್ಪ ಸೆಟೆದು ನಡೆಯುವ ಹಕ್ಕು ಗಳಿಸಿರುತ್ತಾನೆ ಎಂದುಕೊಂಡೆ.

ನಾವು ಇಳಿದು ಬಂದಾಗ ಅಂಗಳದಲ್ಲಿ ಗುಂಪು ಸೇರಿತ್ತು. ಓಬಳೇಶನ ಮೂವರು ಆಳುಗಳೂ ಅವನೂ ಕೊಪ್ಪರಿಗೆಯ ನಾಲ್ಕು ಬಳೆ ಹಿಡಿದು ಬಗ್ಗಿದ್ದರು. "ಐಸಾ" ಎಂದರು. ಕೊಪ್ಪರಿಗೆ ಅಲುಗಲಿಲ್ಲ. ಬೆಳಗ್ಗೆ ಅದೇ ನಾಲ್ಕು ಜನ ಗಾಡಿಯಿಂದ ಇಳಿಸಿದ್ದರು. ಆದರೆ ಬೆಳಗ್ಗೆ ಯುಗಾದಿಯ ಮಾತನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಇನ್ನೊಂದು ಸಲ ಬಗ್ಗಿದರು. ಒಬ್ಬನ ಅಂಗಿಯ ಬೆನ್ನು ಪರ್ರೆಂದು ಹರಿಯಿತು. ಸುತ್ತ ನಿಂತವರಲ್ಲಿ ಗಟ್ಟಿಮುಟ್ಟಾದ ಹತ್ತು ಜನ ಇದ್ದರು, ಯಾರೂ ಮುಂದೆ ಬರಲಿಲ್ಲ. ಹಾಗೆ ಕೂತುಬಿಟ್ಟ ವಸ್ತುವಿಗೆ ಹೊರಗಿನವರು ಕೈ ಹಾಕುವುದು ನಮ್ಮಲ್ಲಿಲ್ಲ.

"ಆಳುಗಳಿಗೆ ಹೊಟ್ಟೆ ತುಂಬ ಹಾಕ್ಬೇಕಿತ್ತು ಓಬಳೇಶಣ್ಣ," ಎಂದ ಗುಂಪಿನಲ್ಲೊಬ್ಬ. "ಆಳು ಬದಲಾಯಿಸು, ನಾಲ್ಕನೇ ಸಲ," ಎಂದ ಇನ್ನೊಬ್ಬ.

ಮೆಹಬೂಬ್ ಸಾಬರು ಮೇಲಿನಿಂದ ಬಗ್ಗಿದರು. "ಐದಕ್ಕೆ ಅಂಗಳಕ್ಕೆ ಬೀಗ ಬೀಳುತ್ತೆ ಓಬಳೇಶಪ್ಪ. ದಾವೆ ವಸ್ತು ಇಲ್ಲಿ ಬಿಟ್ಟುಹೋಗೋಹಾಗಿಲ್ಲ. ಕೈಯಲ್ಲಿರೋರ ಕೈಯಲ್ಲೇ ಇರ್ಬೇಕು ಅಂತ ಆದೇಶ."

ಓಬಳೇಶ ಕೊಪ್ಪರಿಗೆಗೆ ಬೆನ್ನು ಕೊಟ್ಟು ಕೂತ. ಬಹಳ ಹೊತ್ತು ಕೂತ. ನಾನು ನಮ್ಮ ಗಾಡಿಯ ಪಕ್ಕ ನಿಂತೇ ಇದ್ದೆ. ಹೇಮಾ ನನ್ನ ಸೆರಗು ಎಳೆದಳು, ನೀನು ಮುಟ್ಟಿದರೆ ಏಳುತ್ತದೆ, ನೀನು ಹೋಗು ಎನ್ನುವಂತೆ. ನಾನು ಕದಲಲಿಲ್ಲ. ಆದೇಶವಿಲ್ಲದೆ, ಅವನಾಗಿ ಕೊಡದೆ, ಅದನ್ನು ಎತ್ತಿಕೊಂಡು ಹೋದರೆ ಮತ್ತೆ ಹೊಸ ದಾವೆ. ನನಗೆ ದಾವೆ ಸಾಕಾಗಿತ್ತು, ಕೊಪ್ಪರಿಗೆ ಬೇಕಾಗಿತ್ತು.

ನಾಲ್ಕೂವರೆಗೆ ಅವನು ಎದ್ದು ನನ್ನ ಹತ್ತಿರ ಬಂದ. ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

"ಅತ್ತಿಗೆ, ಒಂದು ಕೈ ಹಾಕಿ."

"ಹಾಕ್ತೀನಿ," ಎಂದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಕೊಪ್ಪರಿಗೆಯ ಬಳೆ ಹಿಡಿದೆ. "ಹೇಮಾ, ನೀನು ಆ ಕಡೆ ಹಿಡಿ." ಹಿಡಿದವಳು ನನ್ನ ಮುಖ ನೋಡಿದಳು. ನಾನು ಎತ್ತದೆ ಹಾಗೇ ನಿಂತೆ. "ಗಾಡಿಗೆ ಏರಿಸೋಕೆ ನಮಗೇನು ತೊಂದರೆ ಇಲ್ಲ ಓಬಳೇಶ. ಗಾಡಿ ಯಾವ ಬೀದಿ ಕಡೆ ಹೋಗುತ್ತೆ ಅಂತ ಮೊದಲು ಹೇಳಪ್ಪ."

ಅವನು ನನ್ನನ್ನು ನೋಡಿದ, ಗುಂಪನ್ನು ನೋಡಿದ, ಮೇಲಿನ ಕಿಟಕಿಯಲ್ಲಿ ಬಗ್ಗಿದ್ದ ಸಾಬರನ್ನು ನೋಡಿದ. ಆಮೇಲೆ ತನ್ನ ಗಾಡಿಯ ಹಿಡಿಕೆ ಹಿಡಿದು, ಆಳುಗಳು ಮುಂದೆ ಬಂದರೂ ಬೇಡವೆಂದು ಕೈಯಾಡಿಸಿ, ಅಂಗಳದಲ್ಲಿ ಒಂದು ಸುತ್ತು ಹಾಕಿಸಿದ. ಗಾಡಿಯ ಮೂತಿ ನಮ್ಮಂಗಡಿಯ ಬೀದಿಯ ಕಡೆ ತಿರುಗಿ ನಿಂತಿತು.

"ಕಲಾಯಿ ಹೋಗಿದೆ," ಎಂದ ನೆಲ ನೋಡುತ್ತ, ಒಬ್ಬ ಆಳಿನ ಜೊತೆ ಉಳಿದೆರಡು ಬಳೆ ಹಿಡಿದು. "ಭಾನುವಾರದೊಳಗೆ ಹಾಕಿಸ್ಬೇಕಾಗುತ್ತೆ."

"ಹೇಮಾ," ಎಂದೆ, "ಎತ್ತು."